ಹಾವಸಿಯ ಸಾಕ್ಷಿ ಯಾರು ಕೇಳುತ್ತಾರೆ?

ನಮ್ಮ ಕೇರಿಗೆ ಹಳ್ಳ ಕೊನೆಗೆ ಸಿಗುತ್ತದೆ. ಊರಿನವರು ತುಂಬಿಕೊಂಡು, ಎಮ್ಮೆ ತೊಳೆದು, ಅರಿವೆ ಒಗೆದು ಬಿಟ್ಟ ಮೇಲೆ ಏನು ಉಳಿಯುತ್ತದೋ ಅದು ಕೇರಿಯ ನೀರು. ಇದೇನು ಹೊಸ ಮಾತಲ್ಲ. ಇದನ್ನು ಓದುತ್ತಿರುವ ಗೆಳೆಯರಲ್ಲಿ ಎಷ್ಟೋ ಜನ ಅಂಥದೇ ಒಂದು ಹಳ್ಳದ ಕೆಳಗಿನವರು. ಹೊಸ ಮಾತು ಇಷ್ಟೆ: ಈಗ ಊರಿಗೂ ಮೇಲೆ, ಹಳ್ಳದ ತಲೆಯ ಹತ್ತಿರ, ಒಂದು ಔಷಧಿ ಕಾರ್ಖಾನೆ ಬಂದು ಕೂತಿದೆ.

ಬೀದರ ಜಿಲ್ಲೆಯ ಈ ಹಳ್ಳ ಮುಂದೆ ಹೋಗಿ ಮಾಂಜ್ರಾ ಹೊಳೆ ಸೇರುತ್ತದೆ. ನಮ್ಮ ಆಯಿ ಇದರ ನೀರನ್ನು ಅಂಗಾಲಿನಿಂದ ಓದುತ್ತಿದ್ದಳು. ಇಳಿಯುವ ಕಲ್ಲಿನ ಮೇಲೆ ಕಾಲಿಟ್ಟಾಗ ಜಾರಿದರೆ, "ಹಾವಸಿ ಕಟ್ಟ್ಯಾದ, ನೀರಿಗಿ ಜೀವ ಅದ" ಅನ್ನುವಳು. ಹಾವಸಿ ಅಂದರೆ ಪುಸ್ತಕದವರು ಪಾಚಿ ಅನ್ನುವುದು. ಕಾರ್ಖಾನೆ ಬಂದು ನಾಕು ಮಳೆಗಾಲ ಕಳೆಯುವುದರಲ್ಲಿ ಕಲ್ಲುಗಳು ಬೋಳಾದವು. ಮೊದಲು ಹಸಿರು ಹೋಯಿತು, ಆಮೇಲೆ ಬಸವನಹುಳು, ಆಮೇಲೆ ಕಪ್ಪೆಮರಿ. ಎಮ್ಮೆ ನೀರಿಗೆ ಮೂತಿ ಇಟ್ಟು ಹಿಂದಕ್ಕೆ ಸರಿಯಿತು. ಆಯಿ ಒಂದಿನ ಕಲ್ಲಿನ ಮೇಲೆ ನಿಂತು, "ಕಾಲು ಜಾರ್ಲಾರದಂಗ ಆಗ್ಯಾದಲ್ಲೋ ತಮ್ಮಾ" ಅಂದಳು. ಎಂಬತ್ತು ದಾಟಿದ ಮುದುಕಿ, ಕಾಲು ಜಾರುವುದಿಲ್ಲವೆಂದು ಗಾಬರಿಯಾಗಿದ್ದಳು.

ನಾವು ಎಂದರೆ ಅದೇ ಕೇರಿಯಲ್ಲಿ ಹುಟ್ಟಿ ಸಸ್ಯಶಾಸ್ತ್ರ ಓದಿದ ಮೂವರು. ಇಬ್ಬರು ಮಾಸ್ತರರು. ಒಬ್ಬಾಕೆ ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿರುವವಳು. ಆಯಿಯ ಆ ಗಾಬರಿಯನ್ನು ಸರಕಾರಕ್ಕೆ ಅರ್ಥವಾಗುವ ಭಾಷೆಗೆ ತರಬೇಕೆಂದು ಎರಡು ವರ್ಷ ಓಡಾಡಿದೆವು. ಆ ಓಡಾಟದಲ್ಲಿ ಕಲಿತದ್ದನ್ನು ಇಲ್ಲಿ ಹೇಳುತ್ತೇವೆ.

ಮೊದಲೇ ಒಂದು ಮಾತು ಒಪ್ಪಿಕೊಳ್ಳಬೇಕು. ನಾವು ಔಷಧಿಯ ವೈರಿಗಳಲ್ಲ. ನಮ್ಮಲ್ಲೊಬ್ಬರ ತಂಗಿ ಟೈಫಾಯ್ಡ್ ಬಂದು ಇಪ್ಪತ್ತು ದಿನ ಬಿದ್ದುಕೊಂಡಿದ್ದಳು. ಸರಕಾರಿ ದವಾಖಾನೆಯಲ್ಲಿ ಕೊಟ್ಟ ಸಿಪ್ರೊಫ್ಲಾಕ್ಸಾಸಿನ್ ಗುಳಿಗೆಯಿಂದ ಎದ್ದು ಕೂತಳು. 1970ರ ಪೇಟೆಂಟ್ ಕಾಯ್ದೆ ಔಷಧಿಯ ಮೇಲೇ ಹಕ್ಕು ಕೊಡದೆ ಅದನ್ನು ತಯಾರಿಸುವ ವಿಧಾನದ ಮೇಲಷ್ಟೆ ಹಕ್ಕು ಕೊಟ್ಟಿತು. 2005ರಲ್ಲಿ ಅದಕ್ಕೆ ತಿದ್ದುಪಡಿ ಬರುವವರೆಗಿನ ಮೂವತ್ತು ಮೂವತ್ತೈದು ವರ್ಷಗಳಲ್ಲಿ ಈ ದೇಶದ ಕಾರ್ಖಾನೆಗಳು ಬೆಳೆದವು, ಗುಳಿಗೆ ಬಡವನ ಕೈಗೆ ಎಟುಕಿತು. ಆ ಗುಳಿಗೆಗೆ ನಾವು ಋಣಿ. ಅದು ಅಷ್ಟು ಅಗ್ಗವಾದದ್ದರಲ್ಲಿ ನಮ್ಮ ಹಳ್ಳ ತೆತ್ತದ್ದೆಷ್ಟು ಎಂದು ಕೇಳುವ ಹಕ್ಕು ಋಣಿಗೂ ಇರುತ್ತದೆ.

ಈಗ ಪಾಚಿಯ ವಿಚಾರ. ನೀರಿನಲ್ಲಿ ಬಿಸಿಲನ್ನು ತಿಂದು ಅನ್ನ ಮಾಡುವುದು ಪಾಚಿ. ಅದನ್ನು ಸಣ್ಣ ಹುಳ ತಿನ್ನುತ್ತದೆ, ಹುಳವನ್ನು ಮೀನು ತಿನ್ನುತ್ತದೆ. ನೀರಿಗೆ ಉಸಿರು ತುಂಬುವುದೂ ಅದೇ. ದುಡಿಯುವುದು ಅದು, ಹೆಸರು ಮೀನಿನದು. ಆದ್ದರಿಂದ ಯಾವುದೇ ರಾಸಾಯನಿಕ ನೀರಿಗೆ ಎಷ್ಟು ವಿಷ ಎಂದು ತಿಳಿಯಲು ವಿಜ್ಞಾನಿಗಳು ಪಾಚಿಯನ್ನು ಕೇಳುತ್ತಾರೆ. ಕೇಳುವ ಕ್ರಮ ಸರಳ. ಗಾಜಿನ ಬುರುಡೆಗಳಲ್ಲಿ ಪೋಷಕಾಂಶ ಬೆರೆಸಿದ ನೀರು, ಅದರಲ್ಲಿ ಎಣಿಸಿ ಬಿಟ್ಟ ಪಾಚಿಕೋಶಗಳು, ಒಂದೊಂದು ಬುರುಡೆಗೆ ಒಂದೊಂದು ಪ್ರಮಾಣದ ಮದ್ದು. ಬಿಡದ ಬೆಳಕು. 72 ಗಂಟೆ. ಮದ್ದು ಹಾಕದ ಬುರುಡೆಯಲ್ಲಿ ಕೋಶಗಳು ಅಷ್ಟರೊಳಗೆ ಕಡಿಮೆಯೆಂದರೂ 16 ಪಟ್ಟು ಆಗಿರಬೇಕು, ಇಲ್ಲವಾದರೆ ಪರೀಕ್ಷೆಯೇ ಸುಳ್ಳು. ಯಾವ ಪ್ರಮಾಣದಲ್ಲಿ ಬೆಳವಣಿಗೆ ಅರ್ಧಕ್ಕೆ ಇಳಿಯಿತೋ ಆ ಅಂಕಿಯನ್ನು ಬರೆದುಕೊಳ್ಳುತ್ತಾರೆ. ಅಂಕಿ ಸಣ್ಣದಾದಷ್ಟೂ ವಿಷ ದೊಡ್ಡದು. ಶ್ರೀಮಂತ ದೇಶಗಳ ಕೂಟವಾದ ಓಇಸಿಡಿ ಈ ಪರೀಕ್ಷೆಗೆ 201ನೇ ನಂಬರಿನ ಸೂತ್ರ ಬರೆದದ್ದು 1984ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ಭೋಪಾಲದಲ್ಲಿ ಏನಾಯಿತೆಂದು ನಿಮಗೆ ಗೊತ್ತು.

ಈ ಪರೀಕ್ಷೆಗೆ ಜಗತ್ತಿನಾದ್ಯಂತ ಹೆಚ್ಚಾಗಿ ಬಳಸುವ ಪಾಚಿ ಒಂದೇ. ಅರ್ಧಚಂದ್ರದಂಥ ಒಂಟಿ ಕೋಶ. 1959ರಲ್ಲಿ ನಾರ್ವೆ ದೇಶದ ನಿಟೆಲ್ವಾ ಎಂಬ ಹೊಳೆಯಿಂದ ಸ್ಕುಲ್‌ಬರ್ಗ್ ಎಂಬ ವಿಜ್ಞಾನಿ ಹಿಡಿದು ತಂದದ್ದು. ಅಂದಿನಿಂದ ಅದರ ಸಂತತಿ ಬುರುಡೆಯಿಂದ ಬುರುಡೆಗೆ ದಾಟಿಕೊಂಡು ಬಂದಿದೆ. ಮೊದಲು ಅದನ್ನು ಸೆಲೆನಾಸ್ಟ್ರಂ ಅಂದರು, ಆಮೇಲೆ ಸ್ಯೂಡೊಕಿರ್ಕ್ನೆರಿಯೆಲ್ಲ ಅಂದರು, ಈಗ ರಾಫಿಡೊಸೆಲಿಸ್ ಅನ್ನುತ್ತಾರೆ. ಹೆಸರು ಎಷ್ಟು ಸಲ ಬದಲಾದರೂ ಅದಕ್ಕೆ ಹಚ್ಚಿದ ಕೆಲಸ ಮಾತ್ರ ಬದಲಾಗಲಿಲ್ಲ. ಬೇರೆಯವರ ವಿಷ ಕುಡಿದು ಲೆಕ್ಕ ಕೊಡುವುದೇ ಅದರ ಕಸುಬು. ಇದನ್ನು ಕೇಳಿ ನಮ್ಮ ಕಾಕಾ ಬಿದ್ದು ಬಿದ್ದು ನಕ್ಕ. "ಅದೂ ನಮ್ಮ ಪೈಕಿನೇ ಬಿಡ್ರೋ" ಅಂದ.

ಆದರೆ ಜಗತ್ತಿನಲ್ಲಿ ಔಷಧಿಗಳು ಸಾವಿರಾರು. ಒಂದೊಂದಕ್ಕೂ ಬುರುಡೆ ಇಟ್ಟು ಕಾಯುವುದಕ್ಕೆ ಹಣವೂ ಇಲ್ಲ, ಮನಸ್ಸೂ ಇಲ್ಲ. ಆದ್ದರಿಂದ ಮೊದಲೇ ಊಹಿಸುವ ಗಣಿತ ಹುಟ್ಟಿತು. ಅದರ ಬೇರು ಹಳೆಯದು. 1900ರ ಆಸುಪಾಸಿನಲ್ಲಿ ಮೆಯರ್, ಓವರ್ಟನ್ ಎಂಬಿಬ್ಬರು ಬೇರೆ ಬೇರೆಯಾಗಿಯೇ ಒಂದು ಸಂಗತಿ ಕಂಡರು. ಯಾವ ವಸ್ತು ನೀರಿಗಿಂತ ಎಣ್ಣೆಯಲ್ಲಿ ಹೆಚ್ಚು ಕರಗುತ್ತದೋ ಅದು ಕಪ್ಪೆಮರಿಯನ್ನು ಬೇಗ ಮಂಪರಿಗೆ ಕೆಡವುತ್ತದೆ. ಜೀವಕೋಶದ ಸುತ್ತಿನ ಪೊರೆ ಕೊಬ್ಬಿನದು, ಎಣ್ಣೆಗೆ ಒಲಿಯುವುದು ಅದರೊಳಕ್ಕೂ ನುಗ್ಗುತ್ತದೆ. ಇದನ್ನು ಮಕ್ಕಳಿಗೆ ಹೇಳುವಾಗ ನಾವು ಸಾರಿನ ಗಡಿಗೆ ತೋರಿಸುತ್ತೇವೆ. ಖಾರದ ಕೆಂಪು ಮೇಲೆ ತೇಲುವ ಎಣ್ಣೆಗೆ ಹೋಗುತ್ತದೆ, ಉಪ್ಪು ಕೆಳಗೆ ನೀರಿನಲ್ಲೇ ಉಳಿಯುತ್ತದೆ. 1960ರ ದಶಕದಲ್ಲಿ ಅಮೆರಿಕದ ಕೊರ್ವಿನ್ ಹಾನ್ಷ್ ಈ ಎಣ್ಣೆ-ನೀರಿನ ಪಾಲನ್ನೇ ಸಮೀಕರಣಕ್ಕೆ ಕೂರಿಸಿ, ಅಣುವಿನ ರಚನೆ ನೋಡಿ ಅದರ ಪರಿಣಾಮ ಹೇಳುವ ದಾರಿ ತೆರೆದ. ಆ ದಾರಿಯಲ್ಲೇ ಅಮೆರಿಕದ ಪರಿಸರ ಇಲಾಖೆ ಇಕೊಸಾರ್ ಎಂಬ ಪ್ರೋಗ್ರಾಮು ಮಾಡಿ ಪುಕ್ಕಟೆ ಕೊಟ್ಟಿದೆ. ಅಣುವಿನ ಚಿತ್ರ ಕೊಟ್ಟರೆ ಮೀನಿಗೆಷ್ಟು, ನೀರುಚಿಗಟಕ್ಕೆಷ್ಟು, ಪಾಚಿಗೆಷ್ಟು ಎಂದು ಅಂಕಿ ಉದುರಿಸುತ್ತದೆ. ಈಚೆಗೆ ನೂರಾರು ಗುಣಗಳನ್ನು ಒಟ್ಟಿಗೆ ತೂಗುವ ಯಂತ್ರಕಲಿಕೆಯ ಮಾದರಿಗಳೂ ಬಂದಿವೆ.

ನಾವು ಇದನ್ನು ಹೀಗಳೆಯುವುದಿಲ್ಲ. ಪ್ರಯೋಗಾಲಯವಿಲ್ಲದ, ದುಡ್ಡಿಲ್ಲದ ಮೂರು ಜನರ ಕೈಗೆ ಮೊದಲ ಸಲ ಒಂದು ಹತಾರ ಸಿಕ್ಕಿತ್ತು. ಬೀದರಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಕೂತೆವು. ಕಾರ್ಖಾನೆಗೆ ಕೊಟ್ಟ ಪರಿಸರ ಅನುಮತಿಯ ಕಾಗದದಲ್ಲಿ ಅದು ಏನೇನು ತಯಾರಿಸುತ್ತದೆಂಬ ಪಟ್ಟಿ ಇತ್ತು. ಅದರ ಹೆಸರುಗಳನ್ನು ಒಂದೊಂದಾಗಿ ಹಾಕುತ್ತ ಹೋದೆವು.

ಸಿಪ್ರೊ ಹತ್ತಿರ ಬಂದಾಗ ಕೈ ನಿಂತಿತು. ಎಣ್ಣೆ-ನೀರಿನ ಲೆಕ್ಕದಲ್ಲಿ ನೋಡಿದರೆ ಸಿಪ್ರೊ ಸಾಧು. ಅದಕ್ಕೆ ಎಣ್ಣೆಯ ಮೇಲೆ ಅಂಥ ಒಲವಿಲ್ಲ. ಹಳ್ಳದ ನೀರಿನಲ್ಲಿ ಅದರ ಮೈಮೇಲೆ ಧನ, ಋಣ ಎರಡೂ ವಿದ್ಯುದಂಶ ಇರುತ್ತವೆ. ಪೊರೆಗೆ ನುಗ್ಗುವ ಜಾತಿಯೇ ಅಲ್ಲ. ಆದರೆ 2000ರಲ್ಲಿ ಡೆನ್ಮಾರ್ಕಿನ ಹಾಲಿಂಗ್-ಸೊರೆನ್ಸನ್ ಮತ್ತು ಸಂಗಡಿಗರು ಬುರುಡೆಯಲ್ಲೇ ಇಟ್ಟು ಅಳೆದಿದ್ದರು. ಆ ನಾರ್ವೆಯ ಹಸಿರು ಪಾಚಿಯ ಬೆಳವಣಿಗೆ ಲೀಟರಿಗೆ 2.97 ಮಿಲಿಗ್ರಾಂ ಸಿಪ್ರೊದಲ್ಲಿ ಅರ್ಧಕ್ಕಿಳಿಯಿತು. ಮೈಕ್ರೊಸಿಸ್ಟಿಸ್ ಎಂಬ ನೀಲಿ-ಹಸಿರು ಪಾಚಿಗೆ 0.005 ಮಿಲಿಗ್ರಾಂ ಸಾಕಾಯಿತು. ಹೆಚ್ಚುಕಡಿಮೆ ಆರುನೂರು ಪಟ್ಟು ವ್ಯತ್ಯಾಸ.

ಯಾಕೆ? ನೀಲಿ-ಹಸಿರು ಪಾಚಿ ಎಂದು ನಾವು ಕರೆಯುವುದು ನಿಜದಲ್ಲಿ ಬ್ಯಾಕ್ಟೀರಿಯ. ಸಿಪ್ರೊ ಹುಟ್ಟಿದ್ದೇ ಬ್ಯಾಕ್ಟೀರಿಯವನ್ನು ಕೊಲ್ಲಲು. ಅದು ಪೊರೆಯನ್ನು ಮುಟ್ಟದೆ ಒಳಗಿನ ವಂಶತಂತು ಸುತ್ತುವ ಕಿಣ್ವವನ್ನೇ ಹಿಡಿಯುತ್ತದೆ. ಹಸಿರು ಪಾಚಿಯ ಹೊಟ್ಟೆಯಲ್ಲಿರುವ ಹರಿತ್ತಿನ ಚೀಲ ಕೂಡ ಬಹು ಹಿಂದೆ ಅಂಥದೇ ಒಂದು ಬ್ಯಾಕ್ಟೀರಿಯವಾಗಿದ್ದದ್ದು. ಹಾಗಾಗಿ ಅದಕ್ಕೂ ಪೆಟ್ಟು, ಆದರೆ ತಡವಾಗಿ. ಎಣ್ಣೆಯ ಲೆಕ್ಕ ಹಾಕುವವರು ಒಳಗೆ ನುಗ್ಗುವುದು ಹೇಗೆ ಎಂದಷ್ಟೆ ಕೇಳಿದರು. ನುಗ್ಗಿದ ಮೇಲೆ ಯಾರ ಕುತ್ತಿಗೆಗೆ ಕೈ ಹಾಕುತ್ತದೆ ಎಂದು ಕೇಳಲಿಲ್ಲ. ಈ ತಪ್ಪು ಗೊತ್ತಾದ ಮೇಲೆ ಒಳ್ಳೆಯ ಮಾದರಿ ಮಾಡುವವರು ಔಷಧಿಯ ಕೆಲಸದ ಬಗೆಯನ್ನೂ ಲೆಕ್ಕಕ್ಕೆ ತಂದರು, ಪ್ರತಿಜೀವಕಗಳಿಗೆ ನೀಲಿ-ಹಸಿರು ಪಾಚಿಯನ್ನೇ ಕೇಳಬೇಕೆಂದರು. 2004ರಲ್ಲಿ ಓಇಸಿಡಿ ಇಂಥ ಮಾದರಿಗಳಿಗೆ ಐದು ಕಟ್ಟಳೆ ಹಾಕಿತು. ಅದರಲ್ಲೊಂದು: ನಿನ್ನ ಸಮೀಕರಣ ಯಾವ ಯಾವ ಅಣುಗಳಿಗೆ ಹೊಂದುತ್ತದೆ ಎಂಬ ಎಲ್ಲೆಯನ್ನು ನೀನೇ ಹೇಳು. ಎಲ್ಲೆಯ ಹೊರಗಿನ ಅಣುವಿನ ಬಗ್ಗೆ ಮಾದರಿ ಹೇಳುವ ಮಾತು ನಂಬತಕ್ಕದ್ದಲ್ಲ. ಎಲ್ಲೆಯ ಹೊರಗೆ ಇರುವುದೆಂದರೇನು ಎಂದು ನಮಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬೀದರಿನಿಂದ ಹೈದರಾಬಾದಿನ ಬಸ್ಸು ಹತ್ತಿದರೆ ಜಹೀರಾಬಾದ್, ಸಂಗಾರೆಡ್ಡಿ ದಾಟಿ ಪಟಾಂಚೆರು ಬರುತ್ತದೆ. ನಮ್ಮ ಕೇರಿಯ ಗಂಡಸರು ಕೂಲಿಗೆ ಇಳಿಯುವ ಸ್ಟಾಪು ಅದು. ಕಿಟಕಿ ಮುಚ್ಚಿಕೊಂಡರೂ ವಾಸನೆಯಿಂದ ಊರು ಬಂತೆಂದು ಗೊತ್ತಾಗುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ. ಅಲ್ಲಿ ಡಾಕ್ಟರ್ ಕಿಶನ್ ರಾವ್ ಎಂಬ ವೈದ್ಯರು 1980ರ ದಶಕದಿಂದಲೇ ಹಳ್ಳಿಯ ಜನರ ಸಂಗಡ ಈ ನೀರಿನ ವಿರುದ್ಧ ಹೋರಾಡಿದ್ದರು. ಸುಮಾರು 90 ಔಷಧಿ ಕಾರ್ಖಾನೆಗಳ ಹೊಲಸು ನೀರು ಬಂದು ಶುದ್ಧವಾಗಬೇಕಾದ ಒಂದು ಸಾಮೂಹಿಕ ಘಟಕ ಅಲ್ಲಿತ್ತು. ಶುದ್ಧವಾಗಿ ಹೊರಬಿದ್ದ ನೀರನ್ನೇ ಸ್ವೀಡನ್ನಿನ ಯೋಕಿಮ್ ಲಾರ್ಸನ್ ಮತ್ತು ಜೊತೆಗಾರರು ಅಳೆದು 2007ರಲ್ಲಿ ಪ್ರಕಟಿಸಿದರು. ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊ. ಗುಳಿಗೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತ ಹೆಚ್ಚು. ಒಂದು ದಿನಕ್ಕೆ ಸುಮಾರು 45 ಕೆ.ಜಿ. ಸಿಪ್ರೊ ನೀರಿಗೆ ಹೋಗುತ್ತಿತ್ತೆಂದು, ಅದು ಆಗಿನ ತೊಂಬತ್ತು ಲಕ್ಷ ಜನರ ಸ್ವೀಡನ್ ಐದು ದಿನ ಬಳಸುವಷ್ಟೆಂದು ಅವರು ಲೆಕ್ಕ ಹಾಕಿದರು.

ನಾವು ನಮ್ಮ ಲೆಕ್ಕ ಹಾಕಿದೆವು. ಆ 31ನ್ನು ಹಸಿರು ಪಾಚಿಯ 2.97ರಿಂದ ಭಾಗಿಸಿದರೆ ಹತ್ತು ಪಟ್ಟು. ನೀಲಿ-ಹಸಿರು ಪಾಚಿಯ 0.005ರಿಂದ ಭಾಗಿಸಿದರೆ ಆರು ಸಾವಿರದ ಇನ್ನೂರು ಪಟ್ಟು. ಅದೂ ಒಂದೇ ಮದ್ದಿನ ಲೆಕ್ಕ. ಆ ನೀರಿನಲ್ಲಿ ರಕ್ತದೊತ್ತಡದ ಲೊಸಾರ್ಟನ್ ಇತ್ತು, ನೆಗಡಿಯ ಸೆಟಿರಿಜಿನ್ ಇತ್ತು, ಸಿಪ್ರೊದ ಅಣ್ಣತಮ್ಮಂದಿರೂ ಇದ್ದರು. ಒಂದೇ ರೀತಿ ಕೆಲಸ ಮಾಡುವ ವಿಷಗಳು ಕೂಡಿದಾಗ ಒಂದೊಂದರ ಪಾಲನ್ನೂ ಕೂಡಿಸಬೇಕು ಎಂಬುದು 1926ರಷ್ಟು ಹಿಂದೆ ಲೋವೆ ಎಂಬ ಔಷಧವಿಜ್ಞಾನಿ ಹೇಳಿದ ಮಾತು. ಪ್ರತಿಯೊಂದೂ ತಾನು ಸುರಕ್ಷಿತ ಮಿತಿಯೊಳಗಿದ್ದೇನೆ ಎನ್ನಬಹುದು. ಹತ್ತು ಜನ ತಲಾ ಒಂದೊಂದು ಏಟು ಹೊಡೆದು, ಒಬ್ಬೊಬ್ಬರೂ ಒಂದೇ ಏಟು ಹೊಡೆದೆ ಅಂದಂತೆ.

ಇಲ್ಲಿ ಇನ್ನೊಂದು ಸಂಗತಿ ನೆನಪಾಗುತ್ತದೆ, ವಿಷಯಾಂತರವಾದರೂ ಹೇಳುತ್ತೇವೆ. ಸತ್ತ ದನ ಎಳೆಯುತ್ತಿದ್ದ ನಮ್ಮ ಹಿರಿಯರಿಗೆ ರಣಹದ್ದು ಕಡಿಮೆಯಾದದ್ದು ಎಲ್ಲರಿಗಿಂತ ಮೊದಲು ಗೊತ್ತಾಯಿತು. ಯಾರೂ ಅವರನ್ನು ಕೇಳಲಿಲ್ಲ. ದನಕ್ಕೆ ನೋವಿಗೆ ಕೊಡುವ ಡೈಕ್ಲೊಫೆನಾಕ್ ಹದ್ದಿನ ಮೂತ್ರಪಿಂಡ ಕೆಡಿಸುತ್ತದೆಂದು ವಿಜ್ಞಾನ ಹೇಳಿದ್ದು 2004ರಲ್ಲಿ, ಸರಕಾರ ದನದ ಬಳಕೆಗೆ ಅದನ್ನು ನಿಷೇಧಿಸಿದ್ದು 2006ರಲ್ಲಿ. ಪಾಚಿಗೆ ಹೋಲಿಸಿದರೆ ಆ ಮದ್ದು ಅಷ್ಟು ಘೋರವಲ್ಲ. ಪಾಚಿಯ ಬುರುಡೆಯನ್ನು ಎಷ್ಟು ಕೇಳಿದರೂ ಹದ್ದಿನ ಸಾವು ಗೊತ್ತಾಗುತ್ತಿರಲಿಲ್ಲ.

ನಮ್ಮಲ್ಲಿ ಆದದ್ದು ಇದರ ತಿರುವುಮುರುವು. ಔಷಧಿ ಕಾರ್ಖಾನೆಯ ನೀರಿಗೆ ನಮ್ಮ ಸರಕಾರದ ನಿಯಮದಲ್ಲಿ ಒಂದು ಜೀವಪರೀಕ್ಷೆ ಇದೆ: ಹೊರಬಿಡುವ ನೀರಿನಲ್ಲಿ 96 ಗಂಟೆ ಇಟ್ಟ ಮೀನುಗಳಲ್ಲಿ ನೂರಕ್ಕೆ ತೊಂಬತ್ತು ಬದುಕಿರಬೇಕು. ಮೀನು! ಸಿಪ್ರೊ ಮೀನಿಗೆ ಅಷ್ಟು ಬೇಗ ಹತ್ತುವುದಿಲ್ಲ. ನಾಕು ದಿನದ ಪರೀಕ್ಷೆಯಲ್ಲಿ ಮೀನು ಬಾಲ ಅಲ್ಲಾಡಿಸಿಕೊಂಡು ಪಾಸಾಗುತ್ತದೆ, ಹಳ್ಳದಲ್ಲಿ ಅದು ತಿನ್ನಬೇಕಾದದ್ದು ಸಾಯುತ್ತದೆ. ಸಾಕ್ಷಿ ಹೇಳಬಲ್ಲವನನ್ನು ಹೊರಗೆ ಕೂರಿಸಿ, ಏನೂ ಕಾಣದವನನ್ನು ಕಟಕಟೆಗೆ ಕರೆದಂತೆ. ಕೋರ್ಟಿನಲ್ಲಿ ನಮ್ಮ ಜನರ ಕೇಸುಗಳು ಹೇಗೆ ಬಿದ್ದುಹೋಗುತ್ತವೆಂದು ಬಲ್ಲ ಗೆಳೆಯರಿಗೆ ಇದು ಬೇಗ ಅರ್ಥವಾಗುತ್ತದೆ.

ನಮ್ಮ ಅಂಕಿಗಳನ್ನೆಲ್ಲ ಒಂದು ಕೋಷ್ಟಕ ಮಾಡಿ, ಎಲ್ಲೆಯ ಹೊರಗಿನ ಅಣುಗಳಿಗೆ ಚುಕ್ಕೆ ಹಾಕಿ, ಅರ್ಜಿಯ ಜೊತೆ ಲಗತ್ತಿಸಿ ಅಧಿಕಾರಿಗಳ ಮುಂದಿಟ್ಟೆವು. ಅವರು ಕನ್ನಡಕ ತೆಗೆದು, "ಇದು ಕಂಪ್ಯೂಟರಿನ ಅಂದಾಜು ಕಣ್ರೀ. ಅಳತೆ ಎಲ್ಲಿದೆ?" ಎಂದರು. ಆ ಪ್ರಶ್ನೆ ತಪ್ಪಲ್ಲ. ಅಳೆಯಬೇಕಾದವರು ಯಾರು ಎಂಬುದಷ್ಟೆ ನಮ್ಮ ಮರುಪ್ರಶ್ನೆಯಾಗಿತ್ತು. ನೀರಿನಲ್ಲಿ ಯಾವ ಮದ್ದು ಎಷ್ಟಿದೆ ಎಂದು ಹೇಳುವ ಯಂತ್ರ ನಮ್ಮ ಬಳಿ ಇಲ್ಲ; ಒಂದು ಸ್ಯಾಂಪಲಿಗೆ ಖಾಸಗಿ ಲ್ಯಾಬು ಕೇಳಿದ್ದು ನಮ್ಮಲ್ಲೊಬ್ಬರ ತಿಂಗಳ ಪಗಾರ. ಆದರೆ ಇದೇ ಕಾರ್ಖಾನೆಗೆ ಅನುಮತಿ ಕೊಟ್ಟಾಗ ಹೊಗೆ ಎಷ್ಟು ದೂರ ಹೋಗುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದೆಲ್ಲ ಕಂಪ್ಯೂಟರಿನ ಅಂದಾಜೇ ಆಗಿತ್ತು. ಕಟ್ಟುವಾಗ ನಡೆದ ಅಂದಾಜು ತಕರಾರಿಗೆ ಯಾಕೆ ನಡೆಯುವುದಿಲ್ಲ? ಅವರು ಚಹಾ ತರಿಸಿದರು. ಅದನ್ನು ಕುಡಿದು ಬಂದೆವು.

ದೊಡ್ಡ ಮಟ್ಟದಲ್ಲಿ ನಡೆದದ್ದೂ ಇಷ್ಟೆ. 2020ರ ಜನವರಿಯಲ್ಲಿ ಕೇಂದ್ರ ಸರಕಾರ ಕರಡು ನಿಯಮ ಹೊರಡಿಸಿ, ನೂರಕ್ಕೂ ಹೆಚ್ಚು ಪ್ರತಿಜೀವಕಗಳಿಗೆ ಕಾರ್ಖಾನೆಯ ನೀರಿನಲ್ಲಿ ಇಷ್ಟೇ ಇರಬೇಕೆಂಬ ಮಿತಿ ಹಾಕಿತ್ತು. 2021ರ ಆಗಸ್ಟಿನಲ್ಲಿ ಅಂತಿಮ ನಿಯಮ ಬಂದಾಗ ಆ ಪಟ್ಟಿಯೇ ಮಾಯವಾಗಿತ್ತು. ಯುರೋಪಿನವರೂ ಇದರಲ್ಲಿ ಸಾಚಾ ಅಲ್ಲ. ಅವರ 2006ರ ಮಾರ್ಗಸೂಚಿ ಹೊಸ ಔಷಧಿಗೆ ಪಾಚಿಯ ಪರೀಕ್ಷೆ ಕೇಳುತ್ತಿತ್ತು, ಆದರೆ ಅದು ರೋಗಿ ನುಂಗಿದ ಮೇಲೆ ನೀರಿಗೆ ಹೋಗುವುದರ ಲೆಕ್ಕ. ಗುಳಿಗೆ ತಯಾರಾಗುವ ಊರಿನ ಹಳ್ಳ ಅದರೊಳಗಿರಲಿಲ್ಲ. ಕಾರ್ಖಾನೆಯ ಹೊಲಸಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಮಾರ್ಗದರ್ಶನ ಬರೆದದ್ದು 2024ರ ಸೆಪ್ಟೆಂಬರಿನಲ್ಲಿ. ಅದೂ ಸಲಹೆ, ಕಾಯ್ದೆಯಲ್ಲ.

ಕಾಕಾ ಆ ಕಾರ್ಖಾನೆಯಲ್ಲೇ ಗುತ್ತಿಗೆ ಕೂಲಿ. ಹೊಲಸು ನೀರಿನ ಟಾಕಿಯ ತಳದ ರಾಡಿ ಎತ್ತುವ ಕೆಲಸ. ಆ ಕೆಲಸಕ್ಕೆ ಯಾವ ಕೇರಿಯವರನ್ನು ಕರೆಯುತ್ತಾರೆಂದು ಹೇಳಬೇಕಾಗಿಲ್ಲ. ಡ್ರಮ್ಮಿನ ಮೇಲೆ ಏನು ಬರೆದಿರುತ್ತದೆ ಎಂದು ಒಂದು ರಾತ್ರಿ ಕೇಳಿದೆವು. "ಬರೇ ನಂಬರ" ಅಂದ. ಸ್ವಲ್ಪ ಹೊತ್ತು ಬಿಟ್ಟು, "ನೀವು ಲೆಕ್ಕ ಮಾಡ್ರಿ, ಬ್ಯಾಡಂತಿಲ್ಲ. ಆದ್ರ ನಾಳಿ ಗೇಟ್ ಮುಚ್ಚಿದ್ರ ನನ್ನ ತಾಟಿಗಿ ನಿಮ್ಮ ಲೆಕ್ಕದಾಗ ಎಷ್ಟು ಬರ್ತದ, ಅದನ್ನೂ ಬರಕೋರಿ" ಅಂದ. ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಈಗಲೂ ನಮ್ಮ ಹತ್ತಿರ ಉತ್ತರವಿಲ್ಲ. ಗೇಟು ಮುಚ್ಚಿ ಎಂಬ ಮಾತನ್ನು ಅರ್ಜಿಯಿಂದ ತೆಗೆದು, ನೀರು ಅಳೆಯಿರಿ, ಪಾಚಿಯ ಪರೀಕ್ಷೆ ಮಾಡಿರಿ, ಟಾಕಿಗೆ ಇಳಿಯುವವರ ರಕ್ತ ತಪಾಸಿರಿ ಎಂದು ಬರೆದೆವು. ಕೆಲವು ಸಂಗಾತಿಗಳು ಇದನ್ನು ರಾಜಿ ಎಂದರು. ಇರಬಹುದು.

ಅಳತೆ ಎಲ್ಲಿದೆ ಎಂಬ ಮಾತು ಮಾತ್ರ ಕೊರೆಯುತ್ತಿತ್ತು. ಹೋದ ಚಳಿಗಾಲದಲ್ಲಿ ಶಾಲೆಯ ಕಿಟಕಿಯಲ್ಲಿ ಉಪ್ಪಿನಕಾಯಿಯ ಮೂರು ಗಾಜಿನ ಬರಣಿ ಇಟ್ಟೆವು. ಒಂದರಲ್ಲಿ ಕಾರ್ಖಾನೆಗಿಂತ ಮೇಲಿನ ಹಳ್ಳದ ನೀರು, ಒಂದರಲ್ಲಿ ಕೇರಿಯ ಹತ್ತಿರದ್ದು, ಒಂದರಲ್ಲಿ ಬಾವಿಯದು. ಹಸಿವಿನಿಂದ ಬೆಳೆಯಲಿಲ್ಲ ಎಂಬ ನೆಪ ಬೇಡವೆಂದು ಮೂರಕ್ಕೂ ಒಂದೊಂದು ಚಿಟಿಕೆ ಡಿಎಪಿ ಗೊಬ್ಬರ ಹಾಕಿದೆವು. ಮೂರಕ್ಕೂ ಊರ ಕೆರೆಯ ಹಸಿರು ನೀರು ಹತ್ತತ್ತು ಹನಿ ಬಿಟ್ಟೆವು. ಇದರಿಂದ ಯಾವ ಮದ್ದು ಎಂದು ತಿಳಿಯುವುದಿಲ್ಲ, ಎಷ್ಟು ಎಂದೂ ತಿಳಿಯುವುದಿಲ್ಲ. ಆ ನೀರಿನಲ್ಲಿ ಹಾವಸಿ ಬದುಕುತ್ತದೋ ಇಲ್ಲವೋ ಎಂಬುದು ಮಾತ್ರ ಕಾಣುತ್ತದೆ. ದಿನವೂ ಬೆಳಿಗ್ಗೆ ಏಳನೇ ಇಯತ್ತೆಯ ಮಕ್ಕಳು ಬರಣಿಯ ಹಿಂದೆ ಅಚ್ಚಿನ ಕಾಗದ ಹಿಡಿದು, ಅಕ್ಷರ ಎಷ್ಟು ಮಸುಕಾಯಿತೆಂದು ವಹಿಯಲ್ಲಿ ಬರೆದರು.

ಆರನೇ ದಿನಕ್ಕೆ ಮೇಲಿನ ಹಳ್ಳದ ಬರಣಿಯೂ ಬಾವಿಯ ಬರಣಿಯೂ ಹಸಿರು ತಿರುಗಿದ್ದವು. ಕೇರಿಯ ಬರಣಿಯ ಹಿಂದೆ ಅಕ್ಷರಗಳು ಮೊದಲಿನಷ್ಟೇ ಕಪ್ಪಗೆ ಕಾಣುತ್ತಿದ್ದವು. ಅರ್ಜಿಯ ಜೊತೆ ಈ ಸಲ ಆ ವಹಿಯನ್ನೂ ಕೊಡಬೇಕೆಂದು ಮಾತಾಡಿಕೊಳ್ಳುತ್ತಿದ್ದಾಗ, ಬರೆಯುವ ಸರದಿಯ ಹುಡುಗಿ ಮೂರನ್ನೂ ಬೆಳಕಿಗೆ ಹಿಡಿದು ನೋಡಿ, ನಮ್ಮ ಕೇರಿಯ ಬರಣಿ ಕಡೆ ಬೆರಳು ಮಾಡಿದಳು.

"ಸರ್, ಇದೇ ಎಲ್ಲಕ್ಕಿಂತ ಚೊಲೊ ನೀರು ಅಲ್ರೀ? ಎಷ್ಟ್ ತಿಳಿ ಅದ ನೋಡ್ರಿ."

ಅವಳನ್ನು ಕೂರಿಸಿ, ಆಯಿಯ ಕಲ್ಲಿನಿಂದ ಶುರುಮಾಡಿ ಹೇಳತೊಡಗಿದೆವು.